ಅಮ್ಮ–ಮಗನ ಡ್ಯಾನ್ಸ್‌ಗೆ ಯಾವ ಹಾಡು?

ಅಮೆರಿಕದಲ್ಲಿ ಮದುವೆ ರಿಸೆಪ್ಷನ್ ಇಟ್ಟುಕೊಂಡಿರುವವರಿಗೆ ಒಂದು ಮಾತು. ಅಲ್ಲಿ ಸಾಮಾನ್ಯವಾಗಿ ಅಪ್ಪ–ಮಗಳ ಡ್ಯಾನ್ಸ್ ಆದ ಮೇಲೆ ಮದುಮಗ ತನ್ನ ಅಮ್ಮನ ಜೊತೆ ಹೆಜ್ಜೆ ಹಾಕುತ್ತಾನೆ. ಕನ್ನಡ ಹಾಡೇ ಬೇಕು ಅನಿಸಿದರೆ ಖಂಡಿತ ಹಾಕಿಸಿ. ಆದರೆ ಸುಮ್ನೆ ‘ಅಮ್ಮ’ ಅನ್ನೋ ಪದ ಇದೆ ಅಂತ ಆರಿಸಬೇಡಿ. ನಮ್ಮ ಸಿನಿಮಾಗಳ ತಾಯಿ ಹಾಡುಗಳಲ್ಲಿ ಅಳು ಜಾಸ್ತಿ, ಅಲ್ವಾ? 2005ರ ‘ಜೋಗಿ’ಯ ‘ಬೇಡುವೆನು ವರವನ್ನು’ ನನಗೂ ತುಂಬಾ ಇಷ್ಟ. ಆದರೆ ಆ ಕಥೆಯಲ್ಲಿ ತಾಯಿ ತೀರಿಹೋಗುತ್ತಾಳೆ. ಹಾಡು ಶುರುವಾದರೆ ನೆಂಟರಿಗೆ ಅದೇ ನೆನಪಾಗುತ್ತದೆ.

ನನ್ನ ಕೇಳಿದರೆ, ಅಮ್ಮ ಅಡುಗೆಮನೆಯಲ್ಲಿ ಗುನುಗುವ ಹಾಡನ್ನೇ ಹಿಡಿಯಿರಿ. ಅದು ತಾಯಿಯ ಬಗ್ಗೆಯೇ ಇರಬೇಕಿಲ್ಲ. ಪ್ರೇಮಿಗಳ ಯುಗಳಗೀತೆ ಮಾತ್ರ ಬೇಡ, ಕನ್ನಡ ಬರುವವರು ಮುಸಿಮುಸಿ ನಗುತ್ತಾರೆ!

ಎರಡೂವರೆ ನಿಮಿಷ ಸಾಕು. ಐದು ನಿಮಿಷದ ಹಾಡಾದರೆ ಪಲ್ಲವಿ, ಒಂದು ಚರಣ ಇಟ್ಟು ಉಳಿದದ್ದನ್ನು ಕತ್ತರಿಸಿ. ಡಿಜೆಗೆ ಕನ್ನಡ ಬಾರದಿದ್ದರೆ ಸಾಲು ಹೇಳಿ ಪ್ರಯೋಜನವಿಲ್ಲ, ಕತ್ತರಿಸಿದ ಫೈಲನ್ನೇ ಕೊಟ್ಟುಬಿಡಿ. ಹಾಂ, ಅಮ್ಮ ರೇಷ್ಮೆ ಸೀರೆ ಉಟ್ಟೇ ಒಮ್ಮೆ ಪ್ರಾಕ್ಟೀಸ್ ಮಾಡಲಿ. ನೈಟಿಯಲ್ಲಿ ಸಲೀಸಾಗಿ ಬಂದ ಹೆಜ್ಜೆ ಸೀರೆಯ ನೆರಿಗೆಗೆ ಸಿಕ್ಕಿಕೊಳ್ಳುತ್ತದೆ.