ಸ್ಕ್ರೀನ್ ತಿರುಗ್ತಿಲ್ವಾ, ಲ್ಯಾಪ್‌ಟಾಪ್ ಸುಮ್ನೆ ಆಫ್ ಆಗ್ತಿದೆಯಾ? ಮೊದಲು ಇದನ್ನು ನೋಡಿ

ಹಿಂದಕ್ಕೆ ಮಡಚುವ ಲ್ಯಾಪ್‌ಟಾಪ್ ಇರುವವರು ರಿಪೇರಿಗೆ ಕೊಡುವ ಮೊದಲು ಹತ್ತಿರದಲ್ಲಿ ಆಯಸ್ಕಾಂತ ಏನಾದರೂ ಇದೆಯಾ ನೋಡಿ. ಮುಚ್ಚಳ ಮುಚ್ಚಿದ್ದನ್ನು ಕಂಡುಹಿಡಿಯೋದು ಸಾಮಾನ್ಯವಾಗಿ ಸ್ಕ್ರೀನ್ ಅಂಚಿನ ಪುಟ್ಟ ಆಯಸ್ಕಾಂತ ಮತ್ತು ಕೀಬೋರ್ಡ್ ಕಡೆ ಇರುವ, ಆಯಸ್ಕಾಂತ ಹತ್ತಿರ ಬಂದರೆ ಗುರುತಿಸುವ ಹಾಲ್ ಸೆನ್ಸರ್. ಹಾಗಾಗಿ ಅಂಗೈ ಊರುವ ಜಾಗದಲ್ಲಿ ಫ್ಲಿಪ್ ಕವರ್ ಫೋನ್ ಇಟ್ಟರೂ, ಮ್ಯಾಗ್ನೆಟ್ ಸ್ಟ್ರಾಪ್ ವಾಚ್ ಕಟ್ಟಿದ್ದರೂ, ಇನ್ನೊಂದು ಲ್ಯಾಪ್‌ಟಾಪ್ ಮೇಲೆ ಇದನ್ನಿಟ್ಟು ಟೈಪ್ ಮಾಡಿದರೂ ಮುಚ್ಚಳ ಮುಚ್ಚಿತು ಅಂತ ತಿಳಿದು ಅದು ಸ್ಲೀಪ್‌ಗೆ ಹೋಗಬಹುದು. ಅವನ್ನೆಲ್ಲ ದೂರ ಇಟ್ಟು ನೋಡಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಸ್ಕ್ರೀನ್ ತಿರುಗದಿದ್ದರೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇಗೆ ಹೋಗಿ ರೊಟೇಶನ್ ಲಾಕ್ ಆಫ್ ಮಾಡಿ. ಆ ಬಟನ್ ಮಸುಕಾಗಿದ್ದರೆ ಗಾಬರಿ ಬೇಡ, ಎಷ್ಟೋ ಮಾಡೆಲ್‌ಗಳಲ್ಲಿ ಪೂರ್ತಿ ಹಿಂದಕ್ಕೆ ಮಡಚಿ ಟ್ಯಾಬ್ಲೆಟ್ ಮಾಡಿದರೆ ಮಾತ್ರ ಅದು ಕೆಲಸ ಮಾಡೋದು. ಆಗಲೂ ಆಗದಿದ್ದರೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಸಾಲದು, ಬೇಗ ಆನ್ ಆಗಲೆಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಹಳೇ ಸ್ಥಿತಿಯೇ ವಾಪಸ್ ಬರುತ್ತದೆ. ಕೊನೆಗೆ ಡಿವೈಸ್ ಮ್ಯಾನೇಜರ್‌ನ ಸೆನ್ಸರ್ಸ್ ಸಾಲಿನಲ್ಲಿ ಹಳದಿ ಗುರುತು ಇದೆಯಾ ನೋಡಿ. ಇದ್ದರೆ ಡ್ರೈವರನ್ನು (ಆ ಸೆನ್ಸರ್ ನಡೆಸುವ ಸಾಫ್ಟ್‌ವೇರ್) ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದ, ನಿಮ್ಮ ಮಾಡೆಲ್ ನಂಬರ್ ಹಾಕಿಯೇ ಇಳಿಸಿಕೊಳ್ಳಿ. ಯಾವುದೋ ಡ್ರೈವರ್ ಅಪ್‌ಡೇಟರ್ ಆ್ಯಪ್ ಮಾತ್ರ ದಯವಿಟ್ಟು ಹಾಕಬೇಡಿ.