ಕತ್ತು ನಿಲ್ಲದ ಮಗುವಿಗೆ ರಾಗಿ ಸರಿ ತಿನ್ನಿಸುವವರಿಗೆ

ಕೋಲಾರದ ಕಡೆಯ ಅಪ್ಪ-ಅಮ್ಮಂದಿರ ಗಮನಕ್ಕೆ. ಜೆನೆಟಿಕ್ ತೊಂದರೆಯಿಂದ ಮೈ ಸಡಿಲವಾಗಿರುವ, ಬೆಳವಣಿಗೆ ನಿಧಾನವಿರುವ ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಹುಯ್ಯುವುದನ್ನು ದಯವಿಟ್ಟು ಇವತ್ತೇ ಬಿಡಿ. ಅಜ್ಜಿಯರಿಗೂ ಸಮಾಧಾನವಾಗಿ ಹೇಳಿ. ತಲೆ ಹಿಂದಕ್ಕೆ ವಾಲಿದಾಗ ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಸೊಂಟ, ಮಂಡಿ, ಪಾದ ಮೂರೂ 90 ಡಿಗ್ರಿಯಲ್ಲಿರುವಂತೆ ಕುರ್ಚಿಯಲ್ಲಿ ಕೂರಿಸಿ. ಎರಡೂ ಪಕ್ಕಕ್ಕೆ ಸುತ್ತಿದ ಟವೆಲ್, ಪಾದದ ಕೆಳಗೆ ಗಟ್ಟಿ ಮಣೆ ಇಡಿ. ಗದ್ದ ಸ್ವಲ್ಪ ಕೆಳಗಿರಲಿ. ನೀವು ನಿಂತು ತಿನ್ನಿಸಿದರೆ ಮಗು ಕತ್ತೆತ್ತುತ್ತೆ, ಎದುರಿಗೆ ಕೂತೇ ತಿನ್ನಿಸಿ.

ಸರಿ ಎಷ್ಟು ಗಟ್ಟಿ ಬೇಕು ಅಂತ ಸ್ಪೀಚ್ ಥೆರಪಿಸ್ಟ್ (ಮಾತು, ನುಂಗುವಿಕೆ ನೋಡುವವರು) ಹೇಳಬೇಕು. ಗಟ್ಟಿ ಸರಿ ಹೇಳಿದ್ದರೆ ಎರಡು ವಿಷಯ ನೆನಪಿಡಿ: ಮೊಳಕೆ ರಾಗಿ ಹಿಟ್ಟಿನ ಸರಿ ತೆಳ್ಳಗಾಗುತ್ತೆ, ಎಂಜಲು ಚಮಚ ಬಟ್ಟಲಿಗೆ ಅದ್ದಿದರೂ ಹತ್ತು ನಿಮಿಷದಲ್ಲಿ ನೀರಾಗಬಹುದು. ಬೇರೆ ಬಟ್ಟಲಿಗೆ ಸ್ವಲ್ಪಸ್ವಲ್ಪವೇ ಹಾಕಿಕೊಳ್ಳಿ.

ಚಪ್ಪಟೆ ಚಮಚದಲ್ಲಿ ಅರ್ಧ ಮಾತ್ರ. ನಾಲಿಗೆಯ ಮಧ್ಯೆ ಮೆಲ್ಲಗೆ ಒತ್ತಿ, ತುಟಿ ಮುಚ್ಚಿದ ಮೇಲೆ ನೇರವಾಗಿ ಎಳೆಯಿರಿ, ಮೇಲಿನ ವಸಡಿಗೆ ಸವರಬೇಡಿ. ನುಂಗಿದ್ದು ನೋಡಿಯೇ ಮುಂದಿನ ತುತ್ತು. ಅರ್ಧ ಗಂಟೆಗೆ ನಿಲ್ಲಿಸಿ, ಆಮೇಲೂ ಅರ್ಧ ಗಂಟೆ ಮಲಗಿಸಬೇಡಿ. ತೂಕಡಿಸುವಾಗ, ಫಿಟ್ಸ್ ಬಂದ ಬೆನ್ನಿಗೇ ಬೇಡವೇ ಬೇಡ.

ತಿನ್ನುವಾಗ ಕೆಮ್ಮು, ಕಣ್ಣಲ್ಲಿ ನೀರು, ಗಂಟಲಲ್ಲಿ ಗೊರಗೊರ, ಪದೇಪದೇ ಕಫ-ಜ್ವರ ಇದ್ದರೆ ಕಾಯದೆ ನುಂಗುವಿಕೆ ಪರೀಕ್ಷೆ ಮಾಡಿಸಿ. ಕೆಲವು ಮಕ್ಕಳಿಗೆ ಕೆಮ್ಮೂ ಬರೋದಿಲ್ಲ, ಬರೀ ಜ್ವರ ಬರುತ್ತೆ. ಜಿಲ್ಲಾಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಕೇಂದ್ರ) ಕೇಳಿ, ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯಾದ ಆರ್‌ಬಿಎಸ್‌ಕೆ ಅಡಿ ಅಲ್ಲಿ ಸೇವೆ ಉಚಿತ.