ಅಕ್ಕನ ಮಗಳನ್ನು ಮದುವೆಯಾದ ಮನೆಯ ಜೀನೋಗ್ರಾಮ್ ಬರೆಯುವ ಬಗೆ: ಫ್ಯಾಮಿಲಿ ಥೆರಪಿ ಕಲಿಯುತ್ತಿರುವವರಿಗೆ

ಮನೋವೈದ್ಯಕೀಯ ಸಮಾಜಕಾರ್ಯ, ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ಅಥವಾ ಮನೋವೈದ್ಯಕೀಯ ಎಂ.ಡಿ. ಯಾವುದೇ ಇರಲಿ, ಫ್ಯಾಮಿಲಿ ಥೆರಪಿ ತರಬೇತಿಯಲ್ಲಿ ಬೇಗನೆ ಎದುರಾಗುವ ಕೆಲಸ ಜೀನೋಗ್ರಾಮ್, ಅಂದರೆ ಮನೆಯ ತಲೆಮಾರುಗಳನ್ನೂ ಸಂಬಂಧಗಳನ್ನೂ ಚಿಹ್ನೆಗಳಲ್ಲಿ ತೋರಿಸುವ ನಕ್ಷೆ. ಚಿಹ್ನೆಗಳನ್ನು ಕಲಿಯಲು ಅರ್ಧ ಗಂಟೆ ಸಾಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಚಿಕಿತ್ಸೆಗೆ ಬಂದವರ ಚಿಹ್ನೆಗೆ ಜೋಡಿ ಗೆರೆ. ತೀರಿಕೊಂಡವರಿಗೆ ಕತ್ತರಿ ಗುರುತು. ಒಡಹುಟ್ಟಿದವರಲ್ಲಿ ಹಿರಿಯರು ಎಡಕ್ಕೆ. ದಂಪತಿ ಬೇರೆಯಿದ್ದರೆ ಮದುವೆಯ ಗೆರೆಗೆ ಒಂದು ಓರೆಗೀಟು, ವಿಚ್ಛೇದನವಾಗಿದ್ದರೆ ಎರಡು. ಕೈ ತಡವರಿಸುವುದು ಸೋದರಮಾವನನ್ನೇ ಮದುವೆಯಾದವರ ಮನೆ ಬಂದಾಗ.

ಮೊದಲು ಕೇಳುವ ರೀತಿ. "ನಿಮ್ಮದು ರಕ್ತಸಂಬಂಧದ ಮದುವೆಯಾ?" ಎಂದರೆ, ಮಗುವಿನ ಕಾಯಿಲೆಗೆ ತಾವೇ ಕಾರಣ ಎಂಬ ಆರೋಪ ತಂದೆತಾಯಿಯ ಕಿವಿಗೆ ಬೀಳುತ್ತದೆ. "ಮದುವೆಗೆ ಮುಂಚೆ ಅವರು ನಿಮಗೆ ಏನಾಗಬೇಕಿತ್ತು?" ಎಂದು ಕೇಳಿ, ಉತ್ತರ ಸಲೀಸಾಗಿ ಬರುತ್ತದೆ. ಬಂದ ಪದವನ್ನು ಹಾಗೆಯೇ ಬರೆದುಕೊಳ್ಳಬೇಡಿ. "ಮಾವ" ಅಂದರೆ ತಾಯಿಯ ತಮ್ಮನೂ ಆಗಬಹುದು, ಗಂಡನ ತಂದೆಯೂ ಆಗಬಹುದು. "ಅಣ್ಣ" ದೊಡ್ಡಪ್ಪನ ಮಗನಿರಬಹುದು. ಕೆಲವು ಮನೆಗಳಲ್ಲಿ ಅಪ್ಪನನ್ನೇ ಅಣ್ಣ ಎನ್ನುತ್ತಾರೆ. "ಅಮ್ಮನ ಒಡಹುಟ್ಟಿದ ತಮ್ಮ" ಎಂಬಷ್ಟು ಖಚಿತವಾಗುವವರೆಗೆ ಕೇಳಿ.

ಎ3 ಹಾಳೆಯನ್ನು ಅಡ್ಡಲಾಗಿ ಇಟ್ಟು ಪೆನ್ಸಿಲ್‌ನಲ್ಲಿ ಬರೆಯಿರಿ. ಮಾಮೂಲಿ ನಕ್ಷೆಗೆ ಮೂರು ಸಾಲು ಸಾಕು, ಇಲ್ಲಿ ನಾಲ್ಕು ಬೇಕು. ಮೊದಲ ಸಾಲಿನಲ್ಲಿ ಅಜ್ಜ, ಅಜ್ಜಿ. ಎರಡನೆಯದರಲ್ಲಿ ಅಕ್ಕ, ಅವಳ ಎಡಕ್ಕೆ ಅವಳ ಗಂಡ, ಬಲಕ್ಕೆ ತಮ್ಮ. ಮೂರನೆಯದರಲ್ಲಿ ಅಕ್ಕನ ಮಗಳು. ಅವಳಿಂದ ತಮ್ಮನವರೆಗೆ ಓರೆಯಾಗಿ ಜೋಡಿ ಗೆರೆ (ರಕ್ತಸಂಬಂಧದ ಮದುವೆಯ ಗುರುತು) ಎಳೆದು, ಮಕ್ಕಳನ್ನು ಆ ಗೆರೆಯಿಂದ ನಾಲ್ಕನೆಯ ಸಾಲಿಗೆ ಇಳಿಸಿ. ವಯಸ್ಸು ಚಿಹ್ನೆಯ ಒಳಗೆ. ಒಂದೇ ಸೂರಿನಡಿ ಇರುವವರೆಲ್ಲರ ಸುತ್ತ ಒಂದು ಗೆರೆ. ಕಲಿಯುವವರು ಮಾಡುವ ದೊಡ್ಡ ತಪ್ಪು, ಸಾಲು ನೇರವಾಗಿರಲಿ ಎಂದು ಗಂಡನನ್ನು ಎರಡು ಕಡೆ ಬರೆಯುವುದು. ಹಾಳೆ ಚೊಕ್ಕಟವಾಗುತ್ತದೆ, ಆದರೆ ತಮ್ಮನೇ ಅಳಿಯ, ಅಜ್ಜಿಯೇ ಅತ್ತೆ ಎಂಬ ಮುಖ್ಯ ಸಂಗತಿಯೇ ಕಣ್ಮರೆಯಾಗುತ್ತದೆ.

ಈ ಸಂಗತಿ ಏಕೆ ಮುಖ್ಯ ಎಂದರೆ, ಇಲ್ಲಿ ಮಗಳ ಅತ್ತೆಮನೆಯೇ ತಾಯಿಯ ತವರು. ಮಗಳು ಗಂಡನ ಮೇಲೆ ದೂರಿದರೆ ತಾಯಿ ತಮ್ಮನನ್ನು ಎದುರುಹಾಕಿಕೊಳ್ಳಬೇಕು. ಮದುವೆ ಮುರಿದರೆ ತಾಯಿಗೂ ತವರಿನ ಬಾಗಿಲು ಮುಚ್ಚಬಹುದು. "ಸ್ವಲ್ಪ ಸಹಿಸಿಕೋ" ಎಂಬ ಅವಳ ಮಾತಿನ ಹಿಂದೆ ಈ ಭಯ ಇರಬಹುದು. ಇದನ್ನು ಕೇಳದೆ "ತಾಯಿಯ ಬೆಂಬಲವಿಲ್ಲ" ಎಂದು ಕೇಸ್‌ಶೀಟ್‌ನಲ್ಲಿ ಬರೆಯುವುದು ಅನ್ಯಾಯ. ಫ್ಯಾಮಿಲಿ ಥೆರಪಿಸ್ಟ್ ಮಿನುಚಿನ್ ಅವರ "ಎನ್‌ಮೆಶ್‌ಮೆಂಟ್" (ಮನೆಯವರ ನಡುವಿನ ಗಡಿಗಳು ಮಸುಕಾಗಿ ಒಬ್ಬರೊಳಗೊಬ್ಬರು ಸಿಕ್ಕಿಕೊಂಡಿರುವುದು) ಪದವನ್ನೂ ಆತುರದಿಂದ ಅಂಟಿಸಬೇಡಿ. ನೆಂಟಸ್ತಿಕೆ ಒಂದರ ಮೇಲೊಂದು ಕೂತ ಮಾತ್ರಕ್ಕೆ ಮನೆಯವರ ನಡುವೆ ಗಡಿಗಳಿಲ್ಲ ಎಂದಾಗುವುದಿಲ್ಲ.

ನಿಜಸ್ಥಿತಿ ತಿಳಿಯಲು ಇಟಲಿಯ ಫ್ಯಾಮಿಲಿ ಥೆರಪಿಸ್ಟರ ಮಿಲಾನ್ ತಂಡದ ವೃತ್ತಾಕಾರದ ಪ್ರಶ್ನೆಗಳು ನೆರವಾಗುತ್ತವೆ: ಇಬ್ಬರ ನಡುವಿನ ವಿಷಯವನ್ನು ಮೂರನೆಯವರಲ್ಲಿ ಕೇಳುವುದು. ಹೆಂಡತಿಯ ತಮ್ಮನನ್ನು ಕೇಳಿ: "ಅಕ್ಕ, ಮಾವ ಮಾತು ಬಿಟ್ಟರೆ ಅಮ್ಮ ಮೊದಲು ಯಾರಿಗೆ ಫೋನ್ ಮಾಡ್ತಾರೆ? ಅಜ್ಜಿಗೆ ಅದು ಗೊತ್ತಾದರೆ ಏನಂತಾರೆ?" ಹಿರಿಯರು ಕೂತಿದ್ದರೆ ಮೊದಲು ಅವರನ್ನು ಮಾತಾಡಿಸಿ, ಆಮೇಲೆ ಕಿರಿಯರತ್ತ ತಿರುಗಿ. ಮನೆಯಲ್ಲಿ ಹೊಡೆತವಿದೆ ಎಂಬ ಸುಳಿವು ಸಿಕ್ಕರೆ ಎಲ್ಲರೆದುರು ಈ ಪ್ರಶ್ನೆಗಳು ಬೇಡ. ಅಲ್ಲಿಗೇ ನಿಲ್ಲಿಸಿ, ಹೆಂಡತಿಯೊಡನೆ ಪ್ರತ್ಯೇಕವಾಗಿ ಮಾತಾಡಿ, ಅದೇ ದಿನ ಸೂಪರ್‌ವೈಸರ್‌ಗೆ ತಿಳಿಸಿ.

ಫ್ಯಾಮಿಲಿ ಥೆರಪಿಯ ಪ್ರವರ್ತಕರಲ್ಲೊಬ್ಬರಾದ ಮರ್ರೆ ಬೋವೆನ್ ತಮ್ಮ ಶಿಷ್ಯರ ತರಬೇತಿಯಲ್ಲಿ ಅವರವರ ಕುಟುಂಬದ ಅಧ್ಯಯನವನ್ನೂ ಸೇರಿಸಿದ್ದರು. ನೀವೂ ನಿಮ್ಮ ಮನೆಯ ನಕ್ಷೆಯನ್ನು ಮೊದಲು ಬರೆಯಿರಿ. ಯಾರ ಹೆಸರು ಬಂದಾಗ ಪೆನ್ಸಿಲ್ ನಿಲ್ಲುತ್ತದೆ ಎಂದು ಗಮನಿಸಿ. ಅಂಥದೇ ಪಾತ್ರ ರೋಗಿಯ ಮನೆಯಲ್ಲಿದ್ದರೆ ನೀವು ಅವರ ಪಕ್ಷ ವಹಿಸುವ ಸಾಧ್ಯತೆ ಹೆಚ್ಚು.

ಸೂಪರ್‌ವಿಷನ್‌ಗೆ ಒಯ್ಯುವ ಪ್ರತಿಯಲ್ಲಿ ಹೆಸರು, ಊರು ಬೇಡ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಪ್ರತಿಯ ಮೇಲೆ ತಾರೀಖು ಹಾಕಿ. ನಾಲ್ಕನೆಯ ಭೇಟಿಯ ಹೊತ್ತಿಗೆ ಹೊಸ ಹಾಳೆಯಲ್ಲಿ ಮತ್ತೆ ಬರೆದು ಎರಡನ್ನೂ ಪಕ್ಕಪಕ್ಕ ಇಡಿ. ಮೊದಲ ದಿನ ಯಾರೂ ಹೆಸರೆತ್ತದಿದ್ದ ಒಬ್ಬರು ಎರಡನೆಯದರಲ್ಲಿ ಬಂದಿದ್ದರೆ, ಮುಂದಿನ ಭೇಟಿಯನ್ನು ಅವರಿಂದಲೇ ಶುರುಮಾಡಿ.